ಬಿಸಿ ನೂಡಲ್ಸ್ ಊದುವಾಗ ಕೈ ಏಕೆ ಸೋತಿತು?

ಜಪಾನಿನ ಮಕ್ಕಳ ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಒಂದು ವಿಚಿತ್ರ ಸಂಗತಿ ಇದೆ. ಏಳೆಂಟು ವರ್ಷದ ಮಗು ರಾಮೆನ್ ತಿನ್ನಲು ಕೂತಿದೆ ಎಂದುಕೊಳ್ಳಿ. ರಾಮೆನ್ ಎಂದರೆ ಬಿಸಿ ಸಾರಿನಲ್ಲಿ ಮುಳುಗಿಸಿ ಕೊಡುವ ನೂಡಲ್ಸ್. ಬಟ್ಟಲಿನಿಂದ ಹಬೆ ಏಳುತ್ತಿದೆ. ಬೇಗ ಆರಲಿ ಎಂದು ಮಗು ಫೂ ಫೂ ಎಂದು ಊದುತ್ತದೆ, ಮತ್ತೆ ಮತ್ತೆ ಊದುತ್ತದೆ. ಇದ್ದಕ್ಕಿದ್ದಂತೆ ಬಲಗೈಯಲ್ಲಿದ್ದ ಊಟದ ಕಡ್ಡಿಗಳು ಜಾರಿ ಬೀಳುತ್ತವೆ. ಎತ್ತಿಕೊಳ್ಳೋಣವೆಂದರೆ ಕೈ ಏಳುವುದಿಲ್ಲ. ಅಮ್ಮನನ್ನು ಕರೆಯಲು ಹೋದರೆ ನಾಲಗೆ ತೊದಲುತ್ತದೆ. ಐದು ನಿಮಿಷ, ಹೆಚ್ಚೆಂದರೆ ಹತ್ತು ಹದಿನೈದು ನಿಮಿಷ. ಆಮೇಲೆ ಎಲ್ಲವೂ ಮೊದಲಿನಂತೆ! ಮಗು ಕಡ್ಡಿ ಹಿಡಿದು ಉಳಿದ ನೂಡಲ್ಸ್ ತಿಂದು ಮುಗಿಸುತ್ತದೆ.

ಕೆಲವು ಮಕ್ಕಳಿಗೆ ಹೀಗಾಗುವುದು ಹಾರ್ಮೋನಿಕಾ ನುಡಿಸುವಾಗ. ಕೆಲವರಿಗೆ ಬಲೂನು ಊದುವಾಗ. ಇನ್ನು ಕೆಲವರಿಗೆ ಬಿಕ್ಕಿ ಬಿಕ್ಕಿ ಅತ್ತಾಗ. ಕೈಗೆ ಪೆಟ್ಟು ಬಿದ್ದಿಲ್ಲ, ಮೂಳೆ ಮುರಿದಿಲ್ಲ. ಹಾಗಾದರೆ ಊದುವುದಕ್ಕೂ ಕೈ ಸೋಲುವುದಕ್ಕೂ ಏನು ನಂಟು?

ಉತ್ತರ ಕೈಯಲ್ಲಿಲ್ಲ ಮಕ್ಕಳೇ, ತಲೆಯೊಳಗಿದೆ. ಅಲ್ಲಿಗೆ ಹೋಗಿ ನೋಡೋಣ.

ದೊಡ್ಡವರ ಮಿದುಳು ಸುಮಾರು 1.4 ಕಿಲೋ ತೂಗುತ್ತದೆ. ಇಡೀ ಮೈತೂಕದಲ್ಲಿ ಅದು ನೂರಕ್ಕೆ ಎರಡು ಪಾಲು ಮಾತ್ರ. ಆದರೆ ನಾವು ಉಸಿರಾಡುವ ಆಮ್ಲಜನಕದಲ್ಲಿ ನೂರಕ್ಕೆ ಇಪ್ಪತ್ತು ಪಾಲು ಅದೊಂದಕ್ಕೇ ಬೇಕು. ನಿಮ್ಮ ವಯಸ್ಸಿನ ಮಿದುಳಿಗೆ ಹಸಿವು ಇನ್ನೂ ಜಾಸ್ತಿ. ಐದಾರು ವರ್ಷದ ಮಗು ಸುಮ್ಮನೆ ಮಲಗಿದ್ದಾಗ ಅದರ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಿದುಳಿಗೇ ಹೋಗುತ್ತದೆ. ಬೆಳೆಯುವ, ಕಲಿಯುವ ಕೆಲಸಕ್ಕೆ ಅಷ್ಟು ಬೇಕು. ಇಷ್ಟು ತಿನ್ನುವ ಅಂಗ ನಾಳೆಗೆಂದು ಏನನ್ನೂ ಕೂಡಿಟ್ಟುಕೊಳ್ಳುವುದಿಲ್ಲ. ರಕ್ತ ಪೂರ್ತಿ ನಿಂತರೆ ಹತ್ತೇ ಸೆಕೆಂಡಿನಲ್ಲಿ ಎಚ್ಚರ ತಪ್ಪುತ್ತದೆ. ಕೆಲವೇ ನಿಮಿಷ ಕಳೆದರೆ ಜೀವಕೋಶಗಳು ಸಾಯತೊಡಗುತ್ತವೆ.

ಆದ್ದರಿಂದಲೇ ಮಿದುಳಿಗೆ ರಕ್ತ ಒಯ್ಯುವ ಅಪಧಮನಿಗಳು ನಾಲ್ಕಿವೆ. ಕತ್ತಿನ ಮುಂಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ದೊಡ್ಡವು, ಬೆನ್ನುಮೂಳೆಯ ಪಕ್ಕದಲ್ಲಿ ಏರಿ ಬರುವ ಎರಡು ಸಣ್ಣವು. ಈ ನಾಲ್ಕೂ ಮಿದುಳಿನ ತಳಕ್ಕೆ ಬಂದು ಸೇರಿ ಒಂದು ಉಂಗುರ ಮಾಡಿಕೊಳ್ಳುತ್ತವೆ. ಆ ಉಂಗುರದಿಂದ ಕವಲುಗಳು ಹೊರಟು ಮಿದುಳಿನ ಮೂಲೆಮೂಲೆಗೂ ಹೋಗುತ್ತವೆ.

ಈ ಉಂಗುರಕ್ಕೆ ವಿಲಿಸ್ ಉಂಗುರ ಎಂದು ಹೆಸರು. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿದ್ದ ಥಾಮಸ್ ವಿಲಿಸ್ ಎಂಬ ವೈದ್ಯರು 1664ರಲ್ಲಿ ಮಿದುಳಿನ ರಚನೆಯ ಬಗ್ಗೆ ಪುಸ್ತಕ ಬರೆದರು. ಅದಕ್ಕೆ ಚಿತ್ರಗಳನ್ನು ಬರೆದುಕೊಟ್ಟವರು ಕ್ರಿಸ್ಟೋಫರ್ ರೆನ್. ಮುಂದೆ ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ನ ವಿನ್ಯಾಸ ಮಾಡಿದವರು ಇವರೇ! ಉಂಗುರವನ್ನು ವಿಲಿಸ್‌ಗಿಂತ ಮೊದಲೂ ಕೆಲವರು ಕಂಡಿದ್ದರು, ಆದರೆ ಅದು ಇರುವುದೇಕೆ ಎಂದು ಯೋಚಿಸಿದವರು ವಿಲಿಸ್. ಒಬ್ಬ ಮನುಷ್ಯ ಸತ್ತ ಮೇಲೆ ಅವನ ದೇಹವನ್ನು ಪರೀಕ್ಷಿಸುವಾಗ ಕತ್ತಿನ ಒಂದು ದೊಡ್ಡ ಅಪಧಮನಿ ಪೂರ್ತಿ ಮುಚ್ಚಿಹೋಗಿದ್ದುದು ಅವರಿಗೆ ಕಾಣಿಸಿತು. ಆದರೂ ಬದುಕಿದ್ದಾಗ ಅವನಿಗೆ ಲಕ್ವ ಹೊಡೆದಿರಲಿಲ್ಲ. ಅದೇ ಮಗ್ಗುಲಲ್ಲಿ ಹಿಂದಿನಿಂದ ಬರುವ ಅಪಧಮನಿ ಹಿಗ್ಗಿ ದಪ್ಪವಾಗಿತ್ತು. ಒಂದು ದಾರಿ ಮುಚ್ಚಿದರೆ ಉಂಗುರದ ಮೂಲಕ ಇನ್ನೊಂದು ದಾರಿಯ ರಕ್ತ ಬರುತ್ತದೆ ಎಂದು ವಿಲಿಸ್ ಅರ್ಥ ಮಾಡಿಕೊಂಡರು. ಸೂಕ್ಷ್ಮದರ್ಶಕ ಇನ್ನೂ ಹೊಸದಾಗಿದ್ದ ಕಾಲದಲ್ಲಿ, ಬರಿಗಣ್ಣಿನಿಂದ ನೋಡಿಯೇ ಇದನ್ನು ಕಂಡುಕೊಂಡರಲ್ಲ, ನನಗೆ ಇವತ್ತಿಗೂ ಬೆರಗು.

ಲಕ್ವ ಎಂದೆ. ಪಾರ್ಶ್ವವಾಯು ಎನ್ನುವುದೂ ಅದನ್ನೇ. ಮಿದುಳಿನ ಒಂದು ಭಾಗಕ್ಕೆ ರಕ್ತ ಬರುವುದು ನಿಂತರೆ, ಅಥವಾ ರಕ್ತನಾಳ ಒಡೆದು ಒಳಗೇ ಸುರಿದರೆ, ಆ ಭಾಗ ನೋಡಿಕೊಳ್ಳುತ್ತಿದ್ದ ಕೆಲಸ ನಿಲ್ಲುತ್ತದೆ. ಬಲಗೈ, ಬಲಗಾಲನ್ನು ನಡೆಸುವುದು ಎಡ ಮಿದುಳು. ಬಹಳ ಜನರಲ್ಲಿ ಮಾತನ್ನು ನಡೆಸುವುದೂ ಅದೇ. ಅದಕ್ಕೇ ಬಲಗೈ ಸೋತ ಮಗುವಿನ ಮಾತೂ ತೊದಲಿದ್ದು. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಲಕ್ವ ಹೊಡೆದ ಅಜ್ಜನನ್ನು ನೋಡಿರಬಹುದು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಹೃದಯದ ಬಡಿತ ತಪ್ಪುವುದು, ಇವು ದೊಡ್ಡವರಲ್ಲಿ ಕಾಣುವ ಕಾರಣಗಳು. ಮಕ್ಕಳಲ್ಲಿ ಇವು ಅಪರೂಪ. ಹಾಗಾಗಿ ಮಕ್ಕಳಿಗೆ ಲಕ್ವ ಬರುವುದೇ ಇಲ್ಲ ಎಂದು ತುಂಬ ಜನ ನಂಬಿದ್ದಾರೆ. ಬರುತ್ತದೆ. ಅಪರೂಪಕ್ಕೆ ಬರುತ್ತದೆ. ಬಂದಾಗ ಕಾರಣ ಬಹಳ ಸಲ ಅಪಧಮನಿಯ ಗೋಡೆಯಲ್ಲೇ ಅಡಗಿರುತ್ತದೆ.

ಬದುಕಿರುವ ಮನುಷ್ಯನ ತಲೆಯೊಳಗಿನ ರಕ್ತನಾಳ ನೋಡುವುದು ಹೇಗೆ? ಬಹಳ ಕಾಲ ಅದಕ್ಕೆ ದಾರಿಯೇ ಇರಲಿಲ್ಲ. ಸಾಮಾನ್ಯ ಎಕ್ಸ್-ರೇಯಲ್ಲಿ ಬುರುಡೆಯ ಮೂಳೆ ಕಾಣುತ್ತದೆ, ರಕ್ತ ಕಾಣುವುದಿಲ್ಲ. 1927ರಲ್ಲಿ ಪೋರ್ಚುಗಲ್ ದೇಶದ ಲಿಸ್ಬನ್‌ನಲ್ಲಿ ಎಗಾಸ್ ಮೊನಿಸ್ ಎಂಬ ವೈದ್ಯರು ಕತ್ತಿನ ಅಪಧಮನಿಗೆ, ಎಕ್ಸ್-ರೇಗೆ ಕಾಣುವಂಥ ದ್ರವವೊಂದನ್ನು ಚುಚ್ಚಿ ತಕ್ಷಣ ಚಿತ್ರ ತೆಗೆದರು. ಮಿದುಳಿನ ನಾಳಗಳೆಲ್ಲ ಕವಲು ಕವಲಾಗಿ ಮೂಡಿದವು. ಇದಕ್ಕೆ ಆಂಜಿಯೋಗ್ರಾಂ ಎನ್ನುತ್ತಾರೆ.

ಮೂವತ್ತು ವರ್ಷಗಳ ನಂತರ ಜಪಾನಿನಲ್ಲಿ ಇಂಥ ಚಿತ್ರ ತೆಗೆದಾಗ ಹಿಂದೆಂದೂ ಕಾಣದ ನೋಟವೊಂದು ಕಂಡಿತು. ಕತ್ತಿನಿಂದ ಏರಿಬಂದ ಎರಡೂ ದೊಡ್ಡ ಅಪಧಮನಿಗಳು ಉಂಗುರವನ್ನು ಮುಟ್ಟುವ ಹೊತ್ತಿಗೆ ಕಿರಿದಾಗಿಬಿಟ್ಟಿದ್ದವು. ತಕೆಉಚಿ ಮತ್ತು ಶಿಮಿಜು ಎಂಬ ವೈದ್ಯರು 1957ರಲ್ಲಿ ಇದನ್ನು ವರದಿ ಮಾಡಿದರು. ಅಲ್ಲಿಂದ ಮುಂದೆ ಅಂಥ ರೋಗಿಗಳು ಒಬ್ಬೊಬ್ಬರಾಗಿ ಸಿಗತೊಡಗಿದರು, ಅವರಲ್ಲಿ ಮಕ್ಕಳೂ ಇದ್ದರು. ಸೆಂಡಾಯ್ ನಗರದ ತೊಹೊಕು ವಿಶ್ವವಿದ್ಯಾಲಯದ ಜಿರೋ ಸುಜುಕಿ ಮತ್ತು ಅಕಿರಾ ತಕಾಕು ಈ ಚಿತ್ರಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿದರು. ಕಿರಿದಾದ ಜಾಗದ ಸುತ್ತ ಕೂದಲೆಳೆಯಂಥ ನಾಳಗಳ ದಟ್ಟ ಬಲೆಯೊಂದು ಮಸುಕುಮಸುಕಾಗಿ ಹರಡಿತ್ತು. ಯಾರೋ ಬಾಯಿಂದ ಬಿಟ್ಟ ಹೊಗೆ ಗಾಳಿಯಲ್ಲಿ ತೇಲುವಂತೆ ಅವರಿಗೆ ಕಂಡಿತು. 1969ರಲ್ಲಿ ಅವರು ಕಾಯಿಲೆಗೆ ಮೊಯಾಮೊಯಾ ಎಂದು ಹೆಸರಿಟ್ಟರು. ಹಾಗೆ ಮಸುಕಾಗಿ ತೇಲುವುದಕ್ಕೆ ಜಪಾನಿನವರು ಹೇಳುವ ಮಾತು ಅದು.

ಆ ಹೊಗೆಯಂಥ ಬಲೆ ಎಲ್ಲಿಂದ ಬಂತು? ದೊಡ್ಡ ಕಾಲುವೆಯಲ್ಲಿ ಹೂಳು ತುಂಬಿದಾಗ ನೀರು ಪಕ್ಕದ ಸಣ್ಣಪುಟ್ಟ ತೂಬು, ಕಂದಕಗಳಲ್ಲೆಲ್ಲ ನುಗ್ಗಿ ಗದ್ದೆಯ ಕಡೆ ಹರಿಯುವುದನ್ನು ಹಳ್ಳಿಯ ಮಕ್ಕಳು ನೋಡಿರುತ್ತೀರಿ. ಇಲ್ಲಿ ನಡೆಯುವುದೂ ಅದೇ ಬಗೆಯ ಕೆಲಸ. ಅಪಧಮನಿಯ ಒಳಪದರ ನಿಧಾನವಾಗಿ ದಪ್ಪವಾಗುತ್ತ ದಾರಿ ಕಿರಿದಾಗುತ್ತದೆ. ದೊಡ್ಡವರ ನಾಳಗಳಲ್ಲಿ ಕಟ್ಟಿಕೊಳ್ಳುವ ಕೊಬ್ಬಿಗೂ ಇದಕ್ಕೂ ಸಂಬಂಧವಿಲ್ಲ. ಮಿದುಳಿಗೆ ರಕ್ತ ಸಾಲದೆ ಹೋದಾಗ ಅಕ್ಕಪಕ್ಕದ ಪುಟ್ಟ ಪುಟ್ಟ ನಾಳಗಳು ತಮ್ಮ ಶಕ್ತಿ ಮೀರಿ ಹಿಗ್ಗಿಕೊಂಡು ರಕ್ತ ಹೊರುತ್ತವೆ. ಹೊಗೆಯಂತೆ ಕಾಣುವುದು ಅವೇ. ಅಂದರೆ ಆ ಬಲೆ ಕಾಯಿಲೆಯಲ್ಲ, ಕಾಯಿಲೆಯ ವಿರುದ್ಧ ದೇಹ ತಾನೇ ಮಾಡಿಕೊಂಡ ಏರ್ಪಾಟು. ಆದರೆ ತೆಳು ಗೋಡೆಯ ಈ ನಾಳಗಳಿಗೆ ಅದು ಭಾರದ ಕೆಲಸ. ವರ್ಷಗಟ್ಟಲೆ ದುಡಿದ ಮೇಲೆ ಕೆಲವು ದೊಡ್ಡವರಲ್ಲಿ ಇವು ಒಡೆದು ರಕ್ತಸ್ರಾವವಾಗುವುದುಂಟು.

ಸುಜುಕಿ ಮತ್ತು ತಕಾಕು ಕಾಯಿಲೆಯನ್ನು ಆರು ಹಂತವಾಗಿ ವಿಂಗಡಿಸಿದರು. ಮೊದಲು ಅಪಧಮನಿ ಕಿರಿದಾಗುತ್ತದೆ, ಆಮೇಲೆ ಹೊಗೆ ಮೂಡುತ್ತದೆ, ದಟ್ಟವಾಗುತ್ತದೆ, ತೆಳುವಾಗುತ್ತದೆ, ಕೊನೆಗೆ ಆರನೆಯ ಹಂತದಲ್ಲಿ ಮಾಯವಾಗುತ್ತದೆ. ಹೊಗೆ ಮಾಯವಾದರೆ ಗುಣವಾಯಿತು ಎಂದುಕೊಳ್ಳಬೇಡಿ. ಆ ಹೊತ್ತಿಗೆ ಮುಂಭಾಗದ ದೊಡ್ಡ ದಾರಿಯೇ ಚಿತ್ರದಿಂದ ಅಳಿಸಿಹೋಗಿರುತ್ತದೆ. ಮಿದುಳು ನೆತ್ತಿ, ಮುಖದ ಕಡೆಯ ನಾಳಗಳಿಂದಲೂ ಹಿಂದಿನ ಅಪಧಮನಿಗಳಿಂದಲೂ ರಕ್ತ ಪಡೆದು ಬದುಕುತ್ತಿರುತ್ತದೆ.

ಈಗ ನೂಡಲ್ಸ್‌ಗೆ ಬರೋಣ.

ನಾವು ಬಿಡುವ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಇರುತ್ತದೆ ಎಂದು ಶಾಲೆಯಲ್ಲಿ ಓದಿದ್ದೀರಿ. ಅದು ಬರೀ ಕಸ, ಹೊರಗೆ ಹಾಕಿದರಾಯಿತು ಎನಿಸುತ್ತದೆ. ಆದರೆ ರಕ್ತದಲ್ಲಿ ಅದು ಇರಬೇಕಾದಷ್ಟು ಇರಲೇಬೇಕು, ಏಕೆಂದರೆ ಮಿದುಳಿನ ರಕ್ತನಾಳಗಳು ಅದನ್ನು ನೋಡಿಕೊಂಡೇ ಹಿಗ್ಗುವುದು, ಕುಗ್ಗುವುದು. ಡೈಆಕ್ಸೈಡ್ ಏರಿದರೆ ನಾಳಗಳು ಅಗಲವಾಗಿ ಹೆಚ್ಚು ರಕ್ತ ಹರಿಯುತ್ತದೆ. ಇಳಿದರೆ ನಾಳಗಳು ಬಿಗಿದು ರಕ್ತ ಕಡಿಮೆಯಾಗುತ್ತದೆ. ಊದುಗೊಳವೆಯಿಂದ ಒಲೆ ಊದಿ ಊದಿ ತಲೆ ತಿರುಗಿದ ಅನುಭವ ನಿಮ್ಮ ಅಜ್ಜಿಗೆ ಇರುತ್ತದೆ, ಕೇಳಿ ನೋಡಿ. ಒಂದೇ ಸಮನೆ ಊದಿದಾಗ ಡೈಆಕ್ಸೈಡ್ ಬೇಗ ಬೇಗ ಹೊರಹೋಗುತ್ತದೆ, ಮಿದುಳಿನ ನಾಳಗಳು ಬಿಗಿಯುತ್ತವೆ, ತಲೆ ಹಗುರಾದಂತಾಗುತ್ತದೆ. ಆರೋಗ್ಯವಂತರಿಗೆ ಅಷ್ಟೇ. ಒಂದು ಗಳಿಗೆ ಕೂತರೆ ಸರಿಹೋಗುತ್ತದೆ.

ಮೊಯಾಮೊಯಾ ಇರುವ ಮಗುವಿಗೆ ಹಾಗಲ್ಲ. ಅದರ ಮಿದುಳಿಗೆ ಬರುತ್ತಿರುವ ರಕ್ತ ಮೊದಲೇ ಅಳೆದು ಸುರಿದಂತೆ, ಬೇಕಾದಷ್ಟಕ್ಕೆ ಬೇಕಾದಷ್ಟು. ಊದಿದಾಗ, ಬಿಕ್ಕಿ ಅತ್ತಾಗ ನಾಳಗಳು ಇನ್ನಷ್ಟು ಬಿಗಿದರೆ ಅದಕ್ಕೂ ಕೊರತೆ. ಎಡ ಮಿದುಳಿಗೆ ಸಾಲದಾದರೆ ಬಲಗೈ ಸೋಲುತ್ತದೆ, ಬಲ ಮಿದುಳಿಗೆ ಸಾಲದಾದರೆ ಎಡಗೈ. ಉಸಿರು ಮಾಮೂಲಿಗೆ ಬಂದಂತೆ ರಕ್ತವೂ ಬರುತ್ತದೆ, ಕೈಯೂ ಏಳುತ್ತದೆ. ಬಿಸಿ ಬಟ್ಟಲಿಗೂ ಜಾರಿದ ಕಡ್ಡಿಗೂ ಇದ್ದ ನಂಟು ಇದೇ. ನೀರು ಕುಡಿಯದೆ ಬಿಸಿಲಲ್ಲಿ ಆಡಿದಾಗಲೂ, ವಾಂತಿ ಭೇದಿಯಾಗಿ ಮೈಯಲ್ಲಿ ನೀರು ಆರಿದಾಗಲೂ ಇಂಥ ಮಕ್ಕಳಿಗೆ ಅಪಾಯ ಹೆಚ್ಚು. ಆಸ್ಪತ್ರೆಗಳಲ್ಲಿ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವಾಗ ಸಾಮಾನ್ಯವಾಗಿ ಮೂರು ನಿಮಿಷ ಜೋರಾಗಿ ಉಸಿರಾಡಲು ಹೇಳುತ್ತಾರೆ. ಮೊಯಾಮೊಯಾ ಇರುವವರಿಗೆ ಹಾಗೆ ಮಾಡಿಸುವುದಿಲ್ಲ. ಸೂಜಿ ಚುಚ್ಚುವಾಗಲೂ ಮಗು ಅಳದಂತೆ ಸಮಾಧಾನ ಮಾಡುವುದು ಅಲ್ಲಿನ ವೈದ್ಯರಿಗೂ ನರ್ಸ್‌ಗಳಿಗೂ ಚಿಕಿತ್ಸೆಯ ಒಂದು ಭಾಗವೇ.

ನನ್ನ ಮನಸ್ಸನ್ನು ಹೆಚ್ಚು ಕಾಡುವ ಸಂಗತಿ ಬೇರೊಂದಿದೆ. ಹತ್ತು ನಿಮಿಷದಲ್ಲಿ ಎಲ್ಲ ಸರಿಯಾಗಿಬಿಡುತ್ತದಲ್ಲ, ಆಮೇಲೆ ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ. ತರಗತಿಯಲ್ಲಿ ಪೆನ್ಸಿಲ್ ಬಿದ್ದರೆ ಗಮನವಿಲ್ಲ ಎನ್ನುತ್ತಾರೆ. ಅಕ್ಷರ ಸೊಟ್ಟಗಾದರೆ ಸೋಮಾರಿತನ ಎನ್ನುತ್ತಾರೆ. ಅತ್ತು ಅತ್ತು ಕೈ ಜೋತುಬಿದ್ದರೆ ನಾಟಕ ಎನ್ನುತ್ತಾರೆ. ನಮ್ಮ ಕಡೆಯ ಕೆಲವು ಮನೆಗಳಲ್ಲಿ ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸುತ್ತಾರೆ. ಕೆಟ್ಟ ಮನಸ್ಸಿನಿಂದ ಯಾರೂ ಹಾಗೆ ಮಾಡುವುದಿಲ್ಲ, ಮಗುವಿನ ಮೇಲಿನ ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಅಷ್ಟರಲ್ಲಿ ಅಮೂಲ್ಯವಾದ ದಿನಗಳು ಕಳೆದುಹೋಗುತ್ತವೆ. ಬಂದು ಹೋದ ಆ ಹತ್ತು ನಿಮಿಷ ಮಿದುಳು ಕೊಟ್ಟ ಮುನ್ಸೂಚನೆ. ಆಗಲೇ ಪರೀಕ್ಷೆ ಮಾಡಿಸಿದರೆ ಮುಂದೆ ಬರಬಹುದಾದ, ಬಂದರೆ ಹೋಗದಿರಬಹುದಾದ ಲಕ್ವವನ್ನು ಬಹಳ ಮಟ್ಟಿಗೆ ತಡೆಯಬಹುದು.

ಆದ್ದರಿಂದ ಒಂದು ಕೋರಿಕೆ. ನಿಮಗೆ ಅಥವಾ ನಿಮ್ಮ ಗೆಳೆಯರಿಗೆ ಮುಖ ಒಂದು ಕಡೆ ಜೋತಂತಾದರೆ, ಒಂದು ಕೈ ಅಥವಾ ಕಾಲು ಸೋತರೆ, ಮಾತು ತೊದಲಿದರೆ, ಕೂಡಲೇ ದೊಡ್ಡವರಿಗೆ ಹೇಳಿ. ಸರಿಯಾಗಿಬಿಟ್ಟರೂ ಹೇಳಿ. ಯಾವ ಕೈ, ಎಷ್ಟು ಹೊತ್ತು, ಆಗ ಏನು ಮಾಡುತ್ತಿದ್ದಿರಿ ಎಂಬುದನ್ನೂ ಹೇಳಿ. ವೈದ್ಯರಿಗೆ ಬಹಳ ಉಪಯೋಗವಾಗುವ ವಿವರ ಅದು. ದೊಡ್ಡವರು ಹತ್ತಿರ ಇಲ್ಲದಿದ್ದರೆ 108ಕ್ಕೆ ನೀವೇ ಫೋನ್ ಮಾಡಬಹುದು. ದೊಡ್ಡ ನಾಳ ಮುಚ್ಚಿ ಲಕ್ವ ಹೊಡೆದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು ಲೆಕ್ಕ ಹಾಕಿದ್ದಾರೆ. ಆಟೊ ಸಿಗಲಿ, ಅಪ್ಪ ಬರಲಿ ಎಂದು ಕಾಯುವ ವಿಷಯ ಇದಲ್ಲ.

ಹೆದರಬೇಡಿ. ಈ ಕಾಯಿಲೆ ಹೆಚ್ಚಾಗಿ ಕಾಣುವ ಜಪಾನಿನಲ್ಲೂ ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬರಿಗಿಂತ ಕಡಿಮೆ ಮಂದಿಗೆ ಇದು ಹೊಸದಾಗಿ ಕಾಣಿಸಿಕೊಳ್ಳುತ್ತದೆ. ಕೊರಿಯಾ, ಚೀನಾಗಳಲ್ಲೂ ಇದೆ, ಭಾರತದಲ್ಲೂ ಇದೆ. ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಎರಡು ಪಟ್ಟು. ಮಕ್ಕಳಲ್ಲಿ ಲಕ್ವಕ್ಕೆ ಬೇರೆ ಅಪರೂಪದ ಕಾರಣಗಳೂ ಉಂಟು: ಕತ್ತಿಗೆ ಪೆಟ್ಟು ಬಿದ್ದು ಅಪಧಮನಿಯ ಗೋಡೆ ಒಳಗೇ ಸೀಳುವುದು, ಸಿಡುಬಿನಂತೆ ಗುಳ್ಳೆ ಏಳುವ ಚಿಕನ್‌ಪಾಕ್ಸ್ ಬಂದು ಹೋದ ತಿಂಗಳುಗಳ ನಂತರ ಮಿದುಳಿನ ನಾಳ ಕಿರಿದಾಗುವುದು, ಹುಟ್ಟಿನಿಂದಲೇ ನಾಳಗಳು ಗಂಟುಗಂಟಾಗಿರುವುದು. ಜಪಾನಿನ ಕಣ್ಣಿನ ವೈದ್ಯ ಮಿಕಿತೊ ತಕಯಾಸು 1908ರಲ್ಲಿ ವಿವರಿಸಿದ ಕಾಯಿಲೆಯೂ ಇಂಥ ಒಂದು ಕಾರಣ, ಅದರಲ್ಲಿ ದೊಡ್ಡ ಅಪಧಮನಿಗಳು ಉರಿಯೂತದಿಂದ ಕಿರಿದಾಗಿ ಕೆಲವರ ಕೈಯಲ್ಲಿ ನಾಡಿಯೇ ಸಿಗುವುದಿಲ್ಲ.

ಮಕ್ಕಳ ಲಕ್ವದ ಕಾರಣಗಳಲ್ಲಿ ನಮ್ಮ ನಾಡಿಗೆ ಹತ್ತಿರದ್ದು ಕುಡುಗೋಲು ಕಣ ರೋಗ. ಕೆಂಪು ರಕ್ತಕಣಗಳು ದುಂಡಗಿರುವ ಬದಲು ಕುಡುಗೋಲಿನಂತೆ ಬಾಗಿ ನಾಳಗಳನ್ನು ಕೆಡಿಸುವ ಈ ಕಾಯಿಲೆ ಹುಟ್ಟಿನಿಂದ ಬರುವಂಥದು. ಇದು ಇರುವ ಕೆಲವು ಮಕ್ಕಳಲ್ಲಿ ಮೊಯಾಮೊಯಾದಂಥದೇ ಹೊಗೆಬಲೆ ಮೂಡುತ್ತದೆ. 2023ರಲ್ಲಿ ಶುರುವಾದ ರಾಷ್ಟ್ರೀಯ ಅಭಿಯಾನದಡಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳ ಬುಡಕಟ್ಟು ಜನರಲ್ಲಿ ಈ ರೋಗಕ್ಕಾಗಿ ರಕ್ತಪರೀಕ್ಷೆ ನಡೆಯುತ್ತಿದೆ. ರೋಗ ಇರುವುದು ಗೊತ್ತಾದರೆ ಕಣತಲೆಯ ಬಳಿ ಶಬ್ದತರಂಗದ ಯಂತ್ರ ಇಟ್ಟು, ಒಂದು ಹನಿ ರಕ್ತವನ್ನೂ ತೆಗೆಯದೆ, ಮಿದುಳಿನ ನಾಳಗಳಲ್ಲಿ ರಕ್ತ ಎಷ್ಟು ವೇಗವಾಗಿ ಓಡುತ್ತಿದೆ ಎಂದು ಅಳೆಯಬಹುದು. ವೇಗ ಮಿತಿಮೀರಿದ್ದರೆ ದಾರಿ ಕಿರಿದಾಗಿದೆ ಎಂದರ್ಥ. ಅಂಥ ಮಕ್ಕಳಿಗೆ ನಿಯಮಿತವಾಗಿ ರಕ್ತ ಕೊಟ್ಟರೆ ಲಕ್ವ ಬರುವ ಸಾಧ್ಯತೆ ನೂರಕ್ಕೆ ತೊಂಬತ್ತರಷ್ಟು ತಗ್ಗುತ್ತದೆ ಎಂದು 1998ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು.

ಮೊಯಾಮೊಯಾದಲ್ಲಿ ಕಿರಿದಾದ ನಾಳವನ್ನು ಮತ್ತೆ ಅಗಲ ಮಾಡುವ ಔಷಧಿ ಇಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಕೊಡುತ್ತಾರೆ. ನಿಜವಾದ ಉಪಾಯ ಶಸ್ತ್ರಚಿಕಿತ್ಸೆ, ಅದೂ ಬಲು ಸೊಗಸಾದದ್ದು. ನಿಮ್ಮ ಕಿವಿಯ ಮುಂದೆ, ಕೆನ್ನೆಯ ಮೇಲ್ತುದಿಯಲ್ಲಿ ಬೆರಳ ತುದಿಯನ್ನು ಹಗುರವಾಗಿ ಇಡಿ. ಮಿಡಿಯುತ್ತಿದೆಯೇ? ಅದು ನೆತ್ತಿಯ ಚರ್ಮಕ್ಕೆ ರಕ್ತ ಒಯ್ಯುವ ಅಪಧಮನಿ. ಮೊಯಾಮೊಯಾ ಸಾಮಾನ್ಯವಾಗಿ ಬುರುಡೆಯ ಹೊರಗಿನ ಇಂಥ ನಾಳಗಳಿಗೆ ತೊಂದರೆ ಕೊಡುವುದಿಲ್ಲ. ಹಾಗಿದ್ದ ಮೇಲೆ ಅದರ ರಕ್ತವನ್ನೇ ಒಳಗೆ ತಿರುಗಿಸಬಾರದೇಕೆ?

1967ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಗಾಜಿ ಯಾಸರ್ಗಿಲ್ ಎಂಬ ಟರ್ಕಿ ಮೂಲದ ವೈದ್ಯರು ಈ ನೆತ್ತಿಯ ಅಪಧಮನಿಯನ್ನು ಬುರುಡೆಯ ಕಿಂಡಿಯಿಂದ ಒಳಗೆ ತಂದು ಮಿದುಳಿನ ಮೇಲಿನ ನಾಳಕ್ಕೆ ಹೊಲಿದರು. ಹೊಲಿಯುವ ನಾಳದ ಅಗಲ ಸುಮಾರು ಒಂದು ಮಿಲಿಮೀಟರ್, ದಾರ ನಮ್ಮ ಕೂದಲಿಗಿಂತ ತೆಳು, ನೋಡುವುದೆಲ್ಲ ಸೂಕ್ಷ್ಮದರ್ಶಕದಲ್ಲಿ. ಚಿಕ್ಕ ಮಕ್ಕಳಲ್ಲಿ ನಾಳ ಇನ್ನೂ ಸಣ್ಣದು, ಹೊಲಿಗೆ ಕಷ್ಟ. ಟೋಕಿಯೋದ ಯೊಶಿಹಾರು ಮತ್ಸುಶಿಮಾ ಇದಕ್ಕೆ ಬೇರೆ ದಾರಿ ಹುಡುಕಿ 1981ರಲ್ಲಿ ಪ್ರಕಟಿಸಿದರು. ನೆತ್ತಿಯ ಅಪಧಮನಿಯನ್ನು ಕತ್ತರಿಸದೆ, ಅದರಲ್ಲಿ ರಕ್ತ ಹರಿಯುತ್ತಿರುವಂತೆಯೇ ತಂದು ಮಿದುಳಿನ ಮೇಲೆ ಒರಗಿಸಿ ಇಡುವುದು. ಅಷ್ಟೇ. ಆಮೇಲೆ ಕೆಲಸ ಮಾಡುವುದು ಮಗುವಿನ ಮೈ. ರಕ್ತ ಸಾಲದೆ ಸೊರಗಿದ ಮಿದುಳು ಹೊಸ ನಾಳಗಳನ್ನು ಕರೆಯುವ ರಾಸಾಯನಿಕಗಳನ್ನು ಸೂಸುತ್ತದೆ. ಅಪಧಮನಿಯಿಂದ ಎಳೆ ಎಳೆಯಾಗಿ ಹೊಸ ನಾಳಗಳು ಮೊಳೆತು, ಕೆಲವು ತಿಂಗಳುಗಳಲ್ಲಿ ಮಿದುಳಿನ ನಾಳಗಳನ್ನು ಸೇರಿಕೊಳ್ಳುತ್ತವೆ. ದೊಡ್ಡವರಿಗಿಂತ ಮಕ್ಕಳಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಹೊಸ ರಕ್ತ ಬರತೊಡಗಿದಂತೆ ಕೈ ಸೋಲುವುದು ಕಡಿಮೆಯಾಗುತ್ತ ಬಂದು ಬಹಳ ಮಕ್ಕಳಲ್ಲಿ ನಿಂತೇ ಹೋಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಮೊಯಾಮೊಯಾಗೆ ಶಸ್ತ್ರಚಿಕಿತ್ಸೆ ಇದೆ.

"ನಾನು ಅತ್ತಿದ್ದಕ್ಕೇ ಈ ಕಾಯಿಲೆ ಬಂತಾ?" ಎಂದು ಮಗು ಕೇಳಬಹುದು. ಖಂಡಿತ ಇಲ್ಲ ಪುಟ್ಟಾ. ಅಳು ಕಾಯಿಲೆಯನ್ನು ತರಲಿಲ್ಲ, ಒಳಗೆ ಇದ್ದುದನ್ನು ತೋರಿಸಿಕೊಟ್ಟಿತು. ಒಳಗೆ ಅದು ಹೇಗೆ ಬಂತು ಎಂಬುದರ ಒಂದು ಸುಳಿವು 2011ರಲ್ಲಿ ಸಿಕ್ಕಿತು. ಜಪಾನಿನ ಎರಡು ತಂಡಗಳು, ತೊಹೊಕು ವಿಶ್ವವಿದ್ಯಾಲಯದ್ದು ಒಂದು, ಕ್ಯೋಟೊ ವಿಶ್ವವಿದ್ಯಾಲಯದ್ದು ಇನ್ನೊಂದು, ಬೇರೆ ಬೇರೆಯಾಗಿ ಹುಡುಕಿ ಒಂದೇ ಜಾಗಕ್ಕೆ ಬಂದವು: ನಮ್ಮ 17ನೇ ವರ್ಣತಂತುವಿನಲ್ಲಿರುವ ಆರ್‌ಎನ್‌ಎಫ್213 ಎಂಬ ಜೀನು. ಜಪಾನಿನ ರೋಗಿಗಳಲ್ಲಿ ಹೆಚ್ಚಿನವರ ಈ ಜೀನಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸವಿತ್ತು. ಆದರೆ ಅದೇ ವ್ಯತ್ಯಾಸ ಜಪಾನಿನ ಆರೋಗ್ಯವಂತರಲ್ಲೂ ನೂರಕ್ಕೆ ಒಬ್ಬಿಬ್ಬರಲ್ಲಿ ಇದೆ. ಅವರಲ್ಲಿ ಬಹುಪಾಲು ಜನರಿಗೆ ಜೀವಮಾನದಲ್ಲಿ ಈ ಕಾಯಿಲೆ ಬರುವುದೇ ಇಲ್ಲ. ಹಾಗಾದರೆ ಜೀನೊಂದೇ ಸಾಲದು, ಜೊತೆಗೆ ಇನ್ನೇನೋ ಕೂಡಬೇಕು. ಈ ಜೀನು ತಯಾರಿಸುವ ಪ್ರೋಟೀನು ಜೀವಕೋಶದೊಳಗೆ ನುಗ್ಗಿದ ಬ್ಯಾಕ್ಟೀರಿಯಾಗಳ ಮೈಗೆ ಗುರುತು ಹಚ್ಚಿ ಅವನ್ನು ಹಿಡಿಯಲು ನೆರವಾಗುತ್ತದೆ ಎಂದು 2021ರಲ್ಲಿ ಗೊತ್ತಾಯಿತು. ಮೈಯೊಳಗೆ ಸೋಂಕಿನ ವಿರುದ್ಧ ಕಾವಲಿರುವ ಪ್ರೋಟೀನಿಗೂ ಮಿದುಳಿನ ತಳದ ಎರಡು ಅಪಧಮನಿಗಳಿಗೂ ಏನು ಸಂಬಂಧ? ಎಂದೋ ಬಂದು ಹೋದ ಸೋಂಕೊಂದು ನಾಳದ ಗೋಡೆಯನ್ನು ಕೆಣಕಿ ಕಾಯಿಲೆಯನ್ನು ಶುರುಮಾಡುತ್ತದೆಯೇ ಎಂದು ವಿಜ್ಞಾನಿಗಳು ಈಗ ಕೇಳುತ್ತಿದ್ದಾರೆ.